ವೆಬ್‌ಸೈಟ್ ಮಾಡಿಸುವ ಮುಂಚೆ ಕೇಳಬೇಕಾದ ಮಾತು

ಕೇಳುಗರೇ, ನಮಸ್ಕಾರ.

ಸಣ್ಣ ವ್ಯಾಪಾರ ನಡೆಸುವವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು ಅಂತ ಬಂದಿದ್ದೇನೆ. ನಿಮಗೊಂದು ವೆಬ್‌ಸೈಟ್ ಬೇಕಾಗಿದೆ. ಮೂರ್ನಾಲ್ಕು ಕಂಪನಿಗಳನ್ನು ವಿಚಾರಿಸಿದ್ದೀರಿ. ಎಲ್ಲರೂ ಚೆಂದ ಚೆಂದದ ಡಿಸೈನ್ ತೋರಿಸಿದ್ದಾರೆ, ಒಬ್ಬರು ಕಡಿಮೆ ದುಡ್ಡು ಹೇಳಿದ್ದಾರೆ, ಇನ್ನೊಬ್ಬರು ಜಾಸ್ತಿ ಹೇಳಿದ್ದಾರೆ. ಯಾರಿಗೆ ಕೆಲಸ ಕೊಡುವುದು?

ಡಿಸೈನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಅವರಿಗೆ ಒಂದು ಪ್ರಶ್ನೆ ಕೇಳಿ: "ಮುಂದೆ ಯಾವತ್ತಾದರೂ ನಾನು ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಬೇಕಾಗಿ ಬಂದರೆ, ನನ್ನ ಕೈಗೆ ಏನೇನು ಕೊಡುತ್ತೀರಿ?"

ಕೆಲಸ ಶುರುವಾಗುವ ಮುಂಚೆಯೇ ಬಿಡುವ ಮಾತು ಯಾಕೆ ಅಂತ ನಿಮಗೆ ಮುಜುಗರ ಆಗಬಹುದು. ಪರವಾಗಿಲ್ಲ, ಕೇಳಿ. ಕಂಪನಿ ಮುಚ್ಚಬಹುದು, ನಿಮ್ಮ ಕೆಲಸ ಗೊತ್ತಿದ್ದವರು ಬೇರೆ ಕಡೆ ಸೇರಬಹುದು, ವರ್ಷ ವರ್ಷ ದರ ಏರುತ್ತಾ ಹೋಗಬಹುದು, ಯಾರದೂ ತಪ್ಪಿಲ್ಲದೆ ಸುಮ್ನೆ ಹೊಂದಾಣಿಕೆ ಆಗದೆಯೂ ಇರಬಹುದು. ಆಗಲೂ ನಿಮ್ಮ ವ್ಯಾಪಾರ ನಡೆಯಲೇಬೇಕಲ್ವಾ? ಒಳ್ಳೆಯ ಕಂಪನಿಯವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸಲೀಸಾಗಿ ಉತ್ತರ ಕೊಡುತ್ತಾರೆ.

ಆ ಉತ್ತರದಲ್ಲಿ ಮೊದಲು ಬರಬೇಕಾದದ್ದು ಡೊಮೇನ್, ಅಂದರೆ ನಿಮ್ಮ ವೆಬ್ ವಿಳಾಸ. ಇದನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲು ಆಗುವುದಿಲ್ಲ. ರಿಜಿಸ್ಟ್ರಾರ್ ಅನ್ನುವ ಸಂಸ್ಥೆಗಳ ಬಳಿ ನೋಂದಾಯಿಸಿ, ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಾ ಹೋಗಬೇಕು. ಡಾಟ್ ಕಾಮ್ ವಿಳಾಸವಾದರೆ ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಎಷ್ಟೋ ಕಂಪನಿಗಳು "ನಿಮಗ್ಯಾಕೆ ತಲೆನೋವು, ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಅಂತ ಹೇಳಿ ತಮ್ಮದೇ ಖಾತೆಯಲ್ಲಿ, ತಮ್ಮದೇ ಇಮೇಲ್ ಹಾಕಿ ನೋಂದಾಯಿಸಿಬಿಡುತ್ತವೆ. ಸಂಬಂಧ ಚೆನ್ನಾಗಿರುವ ತನಕ ಏನೂ ಗೊತ್ತಾಗುವುದಿಲ್ಲ. ಮಾತು ಕೆಟ್ಟ ದಿನ, ನಿಮ್ಮ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚಾಗಿರುವ ವಿಳಾಸ ಇನ್ನೊಬ್ಬರ ಹೆಸರಲ್ಲಿದೆ ಅನ್ನುವುದು ತಿಳಿಯುತ್ತದೆ. ಅದೇ ವಿಳಾಸದ ಮೇಲೆ ಇಮೇಲ್ ಇಟ್ಟುಕೊಂಡಿದ್ದರೆ ಅದೂ ಹೋಯಿತು. ಜಗಳವೇ ಆಗಬೇಕು ಅಂತಿಲ್ಲ. ನವೀಕರಣದ ಸೂಚನೆಗಳು ಕೆಲಸ ಬಿಟ್ಟು ಹೋದ ಯಾರದೋ ಇಮೇಲಿಗೆ ಬರುತ್ತಿದ್ದರೆ, ಅವಧಿ ಮುಗಿದದ್ದು ನಿಮಗೆ ತಿಳಿಯುವುದು ಸೈಟ್ ನಿಂತಮೇಲೆಯೇ.

ಅದಕ್ಕೇ ಹೇಳುತ್ತೇನೆ, ಡೊಮೇನ್ ಖಾತೆಯನ್ನು ನೀವೇ ತೆರೆಯಿರಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ದುಡ್ಡು. ಕಂಪನಿಗೆ ಬೇಕಾದಷ್ಟು ಪ್ರವೇಶ ಮಾತ್ರ ಕೊಡಿ. ಇದು ಅರ್ಧ ಗಂಟೆಯ ಕೆಲಸ, ಕಂಪ್ಯೂಟರ್ ಓದಿರಬೇಕು ಅಂತೇನೂ ಇಲ್ಲ. ಇದಕ್ಕೆ ಒಪ್ಪದ ಕಂಪನಿಯ ಡಿಸೈನ್ ಎಷ್ಟೇ ಚೆನ್ನಾಗಿರಲಿ, ನಾನಾದರೆ ಕೆಲಸ ಕೊಡುವುದಿಲ್ಲ.

ಎರಡನೆಯದು, ಸೈಟ್ ಯಾವುದರಲ್ಲಿ ಕಟ್ಟುತ್ತಾರೆ ಅನ್ನುವುದು. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್ 2003ರಿಂದ ಇದೆ, ಉಚಿತ, ಅದನ್ನು ಬಲ್ಲವರು ಎಲ್ಲೆಡೆ ಸಿಗುತ್ತಾರೆ. ಹಾಗಾಗಿ ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸಬಹುದು. ಕೆಲವು ಕಂಪನಿಗಳು ತಮ್ಮದೇ ಸಾಫ್ಟ್‌ವೇರ್ ಬಳಸಿ ತಿಂಗಳು ತಿಂಗಳು ಹಣ ಪಡೆಯುತ್ತವೆ. ಅದು ಬಾಡಿಗೆ ಮನೆ ಇದ್ದ ಹಾಗೆ, ಬಿಡುವಾಗ ಸಾಮಾನು ನಿಮ್ಮದು, ಗೋಡೆ ನಿಮ್ಮದಲ್ಲ. ಬರಹ, ಚಿತ್ರ ತೆಗೆದುಕೊಂಡು ಬರಬಹುದು, ಸೈಟನ್ನು ತರಲು ಆಗುವುದಿಲ್ಲ. ಇದರಲ್ಲಿ ಮೋಸವೇನಿಲ್ಲ, ಗೊತ್ತಿದ್ದು ಒಪ್ಪಿಕೊಂಡರೆ ಸರಿ. ಗೊತ್ತಿಲ್ಲದೆ ಒಪ್ಪಿಕೊಳ್ಳಬೇಡಿ, ಅಷ್ಟೇ. ಹಾಗೆಯೇ ದುಡ್ಡು ಕೊಟ್ಟ ಮಾತ್ರಕ್ಕೆ ಡಿಸೈನಿನ ಹಕ್ಕು ತಾನಾಗಿ ನಿಮ್ಮದಾಗುತ್ತದೆ ಅಂದುಕೊಳ್ಳಬೇಡಿ, ಎಷ್ಟೋ ದೇಶಗಳ ಕಾನೂನಿನಲ್ಲಿ ಅದು ಬರವಣಿಗೆಯಲ್ಲಿ ಇರಬೇಕಾಗುತ್ತದೆ.

ಇನ್ನು ಅವರು ಹಿಂದೆ ಮಾಡಿದ ಕೆಲಸ. ಅವರು ಕಳಿಸುವ ಚಿತ್ರಗಳನ್ನು ನೋಡಿ ತೀರ್ಮಾನಿಸಬೇಡಿ, ಸೈಟನ್ನೇ ನಿಮ್ಮ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆದು ನೋಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಉಚಿತ ಸಾಧನ ಇದೆ, ಅದರಲ್ಲಿ ವಿಳಾಸ ಹಾಕಿದರೆ ವೇಗ ಎಷ್ಟು ಅಂತ ಹೇಳುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ಲೇ ಇಟ್ಟ ಅಳತೆ. ಹೊಚ್ಚ ಹೊಸ ಸೈಟುಗಳಿಗಿಂತ ಎರಡು ಮೂರು ವರ್ಷ ಹಳೆಯವನ್ನು ಕೇಳಿ ನೋಡುವುದು ಒಳ್ಳೆಯದು. ಅವು ಇನ್ನೂ ನಡೆಯುತ್ತಿವೆಯಾ? ಆಗಾಗ ತಿದ್ದಿದ್ದಾರಾ? ಆ ಸೈಟಿನ ಮಾಲೀಕರಿಗೆ ಒಂದು ಫೋನ್ ಮಾಡಿ. ಕಂಪನಿ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಏನಾದರೂ ಕೆಟ್ಟಾಗ ಸರಿಮಾಡಲು ಎಷ್ಟು ದಿನ ಆಯಿತು ಅಂತ ಕೇಳಿ, ಆಗ ನಿಜ ಹೊರಗೆ ಬರುತ್ತದೆ.

"ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ" ಅಂದವರನ್ನು ಅಲ್ಲಿಗೇ ಬಿಟ್ಟುಬಿಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದಿದೆ. ಸೈಟಿನ ಸುರಕ್ಷತಾ ಸರ್ಟಿಫಿಕೇಟಿಗೆ ದೊಡ್ಡ ಮೊತ್ತ ಬೇರೆಯಾಗಿ ಹಾಕಿದ್ದರೆ ಯಾಕೆ ಅಂತ ಕೇಳಿ. ಸರ್ಟಿಫಿಕೇಟ್ ಬೇಕೇ ಬೇಕು. ಅದಿಲ್ಲದ ಸೈಟನ್ನು ಕ್ರೋಮ್ 2018ರ ಜುಲೈನಿಂದ ಸುರಕ್ಷಿತವಲ್ಲ ಅಂತ ತೋರಿಸುತ್ತಿದೆ. ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಸಣ್ಣ ವ್ಯಾಪಾರಕ್ಕೆ ಸಾಮಾನ್ಯವಾಗಿ ಅದು ಸಾಕು.

ಕಂಪನಿಯವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ಗಿರಾಕಿಗಳು ಯಾರು, ಸೈಟಿಗೆ ಬಂದವರು ಫೋನ್ ಮಾಡಬೇಕಾ, ಆರ್ಡರ್ ಕೊಡಬೇಕಾ, ದಾರಿ ಹುಡುಕಬೇಕಾ, ಈಗ ಅವರು ಪದೇ ಪದೇ ನಿಮ್ಮನ್ನು ಕೇಳುವ ಪ್ರಶ್ನೆ ಯಾವುದು ಅಂತೆಲ್ಲ ಕೇಳಿದರೆ ಕೆಲಸ ಬಲ್ಲವರು ಅಂತ ಅರ್ಥ. ಬಣ್ಣದಿಂದಲೇ ಮಾತು ಶುರುಮಾಡುವವರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ನಿಮಗೆ ಬೇಕಾದದ್ದು ವಿಳಾಸ, ಫೋನ್ ನಂಬರ್, ತೆರೆದಿರುವ ಸಮಯ, ಇಷ್ಟೇ ಆಗಿದ್ದರೆ, ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ಆ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತವಾಗಿಯೇ ಸಿಗುತ್ತದೆ. "ಸದ್ಯಕ್ಕೆ ನಿಮಗೆ ಅದೇ ಸಾಕು" ಅಂತ ಹೇಳಿ ಕಳಿಸಿದ ಕಂಪನಿಯ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಒಪ್ಪಂದದಲ್ಲಿ ಎಷ್ಟು ಪುಟ, ಎಷ್ಟು ಸಲ ತಿದ್ದಿಕೊಡುತ್ತಾರೆ, ಸೈಟಿನ ನಕಲು ಅಂದರೆ ಬ್ಯಾಕಪ್ ಯಾರು ತೆಗೆಯುತ್ತಾರೆ, ಆಮೇಲಿನ ನಿರ್ವಹಣೆಗೆ ಎಷ್ಟು ಅನ್ನುವುದೆಲ್ಲ ಇರಲಿ. ಪುಟಗಳ ಬರಹವನ್ನು ಯಾರು ಬರೆದುಕೊಡಬೇಕು ಅನ್ನುವುದೂ ಇರಲಿ, ಕೆಲಸ ನಿಲ್ಲುವುದು ಹೆಚ್ಚಾಗಿ ಅಲ್ಲೇ. ಮೊದಲ ಕರಡು ನೀವೇ ಬರೆಯಿರಿ, ನಿಮ್ಮ ವ್ಯಾಪಾರ ನಿಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ.

ಹಣವನ್ನು ಕಂತಿನಲ್ಲಿ ಕೊಡಿ. ಕೊನೆಯ ಕಂತು ಕೊಡುವ ದಿನ ಅವರ ಜೊತೆ ಕೂತು, ಡೊಮೇನ್, ಸೈಟನ್ನು ಇಟ್ಟಿರುವ ಜಾಗ ಅಂದರೆ ಹೋಸ್ಟಿಂಗ್, ಸೈಟನ್ನು ತಿದ್ದುವ ಅಡ್ಮಿನ್ ಖಾತೆ, ಮೂರಕ್ಕೂ ನೀವೇ ಲಾಗಿನ್ ಆಗಿ ನೋಡಿ. ಪೂರ್ತಿ ಸೈಟಿನ ಬ್ಯಾಕಪ್ ಒಂದನ್ನು ನಿಮ್ಮ ಡಿಸ್ಕಿಗೆ ಇಳಿಸಿಕೊಳ್ಳಿ. ಸಂಪರ್ಕ ಪುಟದಿಂದ ಒಂದು ಸಂದೇಶ ಕಳಿಸಿ, ಅದು ನಿಮ್ಮ ಇಮೇಲಿಗೆ ಬಂತಾ ಅಂತ ನೋಡಿ. ಬಂದಮೇಲೆ ಹಣ ಕೊಡಿ.

ನಮಸ್ಕಾರ.