ವೈರನ್ನು ಹಿಡಿದಿರೋದು ಯಾರು?

(ಕೋಲಾರದಲ್ಲಿ ಮನೆ ಕಟ್ಟಿಸುತ್ತಿರುವವರ ಮುಂದೆ ಆಡಿದ ಮಾತಿನ ಬರಹರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಮೇಸ್ತ್ರಿಗಳು ಕೂತಿದ್ದೀರಿ, ಹಿಂದೆ ಮನೆ ಕಟ್ಟಿಸ್ತಿರೋ ಅಣ್ಣಂದಿರು, ಅಕ್ಕಂದಿರು, ಬಾಗಿಲ ಹತ್ರ ನಮ್ಮ ವೈರಿಂಗ್ ಹುಡುಗರು. ಯಾರಿಗೂ ಬೇಜಾರಾಗದ ಹಾಗೆ ಮಾತಾಡೋದು ನನಗೆ ಬರಲ್ಲ, ಮೊದಲೇ ಹೇಳಿಬಿಡ್ತೀನಿ.

ಬೋರ್‌ವೆಲ್ಲಿಂದ ಶುರು ಮಾಡೋಣ. ನಮ್ಮ ಕಡೆ ಸಾವಿರ ಅಡಿ ದಾಟದೆ ನೀರಿನ ಮಾತೇ ಎತ್ತದ ಊರುಗಳು ಬೇಕಾದಷ್ಟಿವೆ. ಮೋಟಾರ್ ಇಳಿಸೋವಾಗ ನೋಡಿರ್ತೀರಿ. ಒಂದೊಂದು ಪೈಪು ಇಳಿದಾಗಲೂ ಒಬ್ಬ ಹುಡುಗ ಕೇಬಲ್ಲನ್ನು ಪೈಪಿಗೆ ಒತ್ತಿ ಹಿಡಿದು, ಟೇಪೋ ಸೈಕಲ್ ಟ್ಯೂಬಿನ ಪಟ್ಟಿಯೋ ಸುತ್ತಿ ಕಟ್ತಾನೆ. ಯಾಕೆ? ಲೆಕ್ಕ ಹಾಕಿ ನೋಡಿ: 6 ಸ್ಕ್ವೇರ್ ಎಂ.ಎಂ.ನ ಮೂರು ಎಳೆ ಕೇಬಲ್ಲಿಗೆ, ಸಾವಿರ ಅಡಿಗೆ ತಾಮ್ರವೇ ಸುಮಾರು 49 ಕೆ.ಜಿ. ಬರುತ್ತೆ. ಒಂದು ಮೂಟೆ ಸಿಮೆಂಟು ಅನ್ನಿ. ಮೇಲಿನ ಪ್ಲಾಸ್ಟಿಕ್ಕಿನ ತೂಕ ಬೇರೆ. ಕಟ್ಟದೆ ಬಿಟ್ಟರೆ ಅಷ್ಟು ಭಾರವೂ ಕೇಬಲ್ಲಿನ ಮೇಲ್ತುದಿಗೆ ಜೋತು ಬೀಳುತ್ತೆ. ಇದನ್ನು ನಾವು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಮೋಟಾರ್ ಎತ್ತಿ ಎತ್ತಿ ಕಲಿತದ್ದು. ಅದೇ ನಾವು ಮನೆಗೆ ಬಂದ ತಕ್ಷಣ ಮರೆತುಬಿಡ್ತೀವಿ. ವೈರು ತಾನಾಗೇ ಎಲ್ಲೋ ನಿಂತ್ಕೊಳ್ಳುತ್ತೆ ಅನ್ಕೋತೀವಿ.

ಕರೆಂಟಿಗೆ ನಮ್ಮ ಜಿಲ್ಲೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಈ ಜಂಬವನ್ನು ಬೆಂಗಳೂರಿನ ನೆಂಟರ ಮುಂದೆ ನಾನು ಬಿಡೋದಿಲ್ಲ. ಇರಲಿ. ಕಂಬದಿಂದ ನಿಮ್ಮ ಮನೆಗೆ ಬರೋ ಸರ್ವಿಸ್ ವೈರನ್ನು ಇವತ್ತು ಮನೆಗೆ ಹೋದಾಗ ಒಂದ್ಸಲ ತಲೆಯೆತ್ತಿ ನೋಡಿ. ಸರಿಯಾಗಿ ಎಳೆದಿದ್ದರೆ ಅದರ ಜೊತೆಗೊಂದು ಜಿ.ಐ. ತಂತಿ, ಅಂದ್ರೆ ಸತು ಲೇಪಿಸಿದ ಕಬ್ಬಿಣದ ತಂತಿ, ಇರುತ್ತೆ. ಭಾರ ಆ ತಂತಿದು, ಕರೆಂಟು ಮಾತ್ರ ವೈರಿಂದು. ನಾನು ಇವತ್ತು ಹೇಳೋದೆಲ್ಲ ಈ ಎರಡು ಕೆಲಸ ಬೇರೆ ಬೇರೆ ಅನ್ನೋದರ ಸುತ್ತಾನೇ.

ಈಗ ಮೋಲ್ಡಿಗೆ, ಅಂದ್ರೆ ತಾರಸಿ ಕಾಂಕ್ರೀಟಿಗೆ ಬರೋಣ. ನಾನು ಕಳಕೊಂಡದ್ದೂ ಕಲಿತದ್ದೂ ಅಲ್ಲೇ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯ ಮೋಲ್ಡಲ್ಲಿ ವೈರ್ ಹೋಗೋ ಪೈಪು ಹಾಸಿದ್ದೆ. ಪೈಪನ್ನು ಕಂಬಿಗೆ ಆರಾರು ಅಡಿಗೊಂದು ಗಂಟು ಹಾಕಿ, ಕಟ್ಟೋ ಬೈಂಡಿಂಗ್ ವೈರ್ ಉಳಿಸಿದ್ದೆ. ಬೆಳಿಗ್ಗೆ ಕಾಂಕ್ರೀಟು ಬಿತ್ತು, ವೈಬ್ರೇಟರ್ ಇಳೀತು, ಬಾಂಡ್ಲಿ ಹೊತ್ತವರು ಪೈಪಿನ ಮೇಲೇ ಓಡಾಡಿದರು. ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ವೈರ್ ಎಳೆಯೋ ಸ್ಪ್ರಿಂಗ್ ಹಾಕಿ ತಳ್ತೀನಿ, ಎರಡು ರೂಮಿಗೆ ಹೋಗ್ತಾನೇ ಇಲ್ಲ. ಜಾಯಿಂಟು ಬಿಟ್ಕೊಂಡು ಒಳಗೆ ಸಿಮೆಂಟ್ ಹಾಲು ಗಟ್ಟಿಯಾಗಿತ್ತು. ಆ ಮನೆಯ ಅಜ್ಜಿ ಕೆಳಗೆ ನಿಂತು, ‘ಏನಪ್ಪಾ, ಕರುಳಿಗೆ ಗಂಟು ಬಿತ್ತಾ?’ ಅಂದರು. ಆ ಎರಡು ರೂಮಿಗೆ ನನ್ನ ಖರ್ಚಲ್ಲೇ ಗೋಡೆ ಮೇಲೆ ಪೈಪು ಹೊಡೆದು ವೈರಿಂಗ್ ಮಾಡಿಕೊಟ್ಟೆ. ಉಳಿಸಿದ ಬೈಂಡಿಂಗ್ ವೈರು ಒಂದು ಕೆ.ಜಿ.ಯೂ ಇರಲಿಲ್ಲ.

ಅವತ್ತಿಂದ ನನ್ನ ಪದ್ಧತಿ ಹೀಗಿದೆ. ಪೈಪು ಕೆಳಗಿನ ಕಂಬಿ ಜಾಲದ ಮೇಲೇ ಕೂರಬೇಕು. ಕಂಬಿಗೂ ಹಲಗೆಗೂ ನಡುವೆ ತೂರಿಸಿದರೆ ಆ ಜಾಗದಲ್ಲಿ ಕಂಬಿಗೆ ಕಾಂಕ್ರೀಟಿನ ಹೊದಿಕೆ ಸಿಗೋದಿಲ್ಲ. ಎರಡೆರಡು ಅಡಿಗೊಂದು ಗಂಟು, ಪ್ರತಿ ಜಾಯಿಂಟು, ಬೆಂಡಿನ ಎರಡೂ ಪಕ್ಕ ಇನ್ನೊಂದೊಂದು. ಗಂಟು ಬಿಗಿ ಇರಬೇಕು, ಪೈಪು ಚಪ್ಪಟೆ ಆಗಬಾರದು. ಜಾಯಿಂಟಿಗೆ ಸಲ್ಯೂಷನ್ ಹಚ್ಚದೆ ಬರೀ ತೂರಿಸೋದನ್ನು ದಯವಿಟ್ಟು ಬಿಡಿ. ಡಿ.ಬಿ., ಅಂದ್ರೆ ಎಲ್ಲಾ ರೂಮಿಗೂ ಕರೆಂಟು ಹಂಚೋ ಪೆಟ್ಟಿಗೆ, ಅದರ ಹತ್ರ ಎಂಟು ಹತ್ತು ಪೈಪು ಒಟ್ಟಿಗೆ ಬರ್ತವೆ, ಅವನ್ನು ಬಾಳೆಗೊನೆ ಥರ ಒತ್ತೊತ್ತಾಗಿ ಕಟ್ಟಬೇಡಿ. 20 ಎಂ.ಎಂ. ಜಲ್ಲಿ ನಡುವೆ ನುಗ್ಗಬೇಕು, ಇಲ್ಲಾಂದ್ರೆ ಅಲ್ಲಿ ಪೊಳ್ಳು ಉಳಿಯುತ್ತೆ. ಪೈಪು ಕೊಳ್ಳೋವಾಗ ತೆಳುವಾದದ್ದು ಬೇಡ, ಮೀಡಿಯಂ ಗೇಜ್ ಕೇಳಿ.

ಫ್ಯಾನ್ ಬಾಕ್ಸಿನ ವಿಷಯದಲ್ಲಿ ಮಾತ್ರ ನಾನು ಜಗಳಗಂಟ. ಒಳಗೆ 12 ಎಂ.ಎಂ. ಕಂಬಿ ಅಡ್ಡ ಇರಬೇಕು, ಅದರ ಎರಡೂ ತುದಿ ಸ್ಲ್ಯಾಬಿನ ಕಂಬಿಗೆ ಕಟ್ಟಿರಬೇಕು. ಬಾಕ್ಸಿನ ತಗಡಿಗೆ ಫ್ಯಾನ್ ನೇತು ಹಾಕೋದು ಅಂದ್ರೆ ಮಂಚದ ಮೇಲೆ ಮಲಗಿರೋರ ಪ್ರಾಣ ಪಣಕ್ಕಿಟ್ಟ ಹಾಗೆ. ಇನ್ನು ಜೋತು ಬಿಟ್ಟ ಲೈಟಿದ್ದರೂ ಅಷ್ಟೆ, ಅದರ ತೂಕ ಕೊಕ್ಕೆ ಹೊರಬೇಕು. ಒಳಗೆ ಸ್ಕ್ರೂಗೆ ಸಿಕ್ಕಿಸಿದ ಎರಡು ಎಳೆ ತಾಮ್ರ ಹೊರಬಾರದು. ತಾಮ್ರ ಮೆತ್ತಗಿನ ಲೋಹ. ದಿನಾ ಜಗ್ಗಿದರೆ ಸ್ಕ್ರೂ ಅಡಿ ಸಡಿಲ ಆಗುತ್ತೆ, ಸಡಿಲ ಆದಲ್ಲಿ ಬಿಸಿ, ಬಿಸಿಯಾದಲ್ಲಿ ಕರಕಲು. ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಬಂದಾಗ ನಾವು ಕಂಪನಿಯನ್ನು ಬೈತೀವಿ. ಬಹಳ ಸಲ ತಪ್ಪು ಬಿಗಿಯದ ಸ್ಕ್ರೂದು, ಇಲ್ಲಾ ಜಗ್ಗಿದ ವೈರಿಂದು.

ಗೋಡೆ ಬಗ್ಗೆ ಎರಡೇ ಮಾತು. ಸ್ವಿಚ್ ಬಾಕ್ಸಿನಿಂದ ಪೈಪು ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗಲಿ, ಓರೆಯಾಗಿ ಬೇಡ. ನಾಳೆ ದೇವರ ಪಟಕ್ಕೆ ಮೊಳೆ ಹೊಡೆಯೋರಿಗೆ ವೈರ್ ಎಲ್ಲಿದೆ ಅಂತ ಊಹೆಯಾದರೂ ಸಿಗಬೇಕು. ನಾಲ್ಕಿಂಚಿನ ಗೋಡೆಯನ್ನು ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಕೊರೆಯಬೇಡಿ. ಗಾರೆ ಮುಚ್ಚೋ ಮೊದಲು ಅಳತೆ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಇದು ಅಕ್ಕಂದಿರ ಕೆಲಸ, ಅಣ್ಣಂದಿರು ಮರೀತಾರೆ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಕಲ್ಲು ಚಪ್ಪಡಿ ಮಾಳಿಗೆಯ ಮನೆಗಳಿವೆ. ಚಪ್ಪಡಿ ಒಳಗೆ ಪೈಪು ಹೂಳೋಕಾಗುತ್ತಾ? ಮೇಲೇ ಹೋಗಬೇಕು. ಹಳೇ ಕಾಲದ ಮರದ ಪಟ್ಟಿ ವೈರಿಂಗಿಗೆ ಕ್ಲಿಪ್ಪಿನ ಅಂತರ ಅಡ್ಡ ಹೋಗೋದಕ್ಕೆ 10 ಸೆಂ.ಮೀ., ಮೇಲೆ ಕೆಳಗೆ ಹೋಗೋದಕ್ಕೆ 15 ಸೆಂ.ಮೀ. ಅಂತ ನಿಯಮ ಇತ್ತು. ಅಡ್ಡ ಹೋಗೋ ವೈರು ಜೋಲು ಬೀಳೋದು ಜಾಸ್ತಿ, ಅದಕ್ಕೇ ಅಲ್ಲಿ ಕ್ಲಿಪ್ಪು ಒತ್ತೊತ್ತು. ಈಗ ಪಿ.ವಿ.ಸಿ. ಪೈಪಾದರೆ ಎರಡು ಅಡಿಗೊಂದು ಸ್ಯಾಡಲ್, ಅಂದ್ರೆ ಪೈಪನ್ನು ಹಿಡಿಯೋ ಪಟ್ಟಿ. ಬೆಂಡು, ಬಾಕ್ಸು, ಜಾಯಿಂಟಿನ ಎರಡೂ ಪಕ್ಕ ಒಂದಡಿಯೊಳಗೆ ಒಂದೊಂದು. ರೇಷ್ಮೆ ಹುಳದ ಮನೆಯಲ್ಲಿ ವೈರನ್ನು ತಟ್ಟೆಯ ಸ್ಟ್ಯಾಂಡಿಗೆ ಸುತ್ತಿರೋದನ್ನು ನಾನೇ ನೋಡಿದ್ದೀನಿ. ಕಬ್ಬಿಣದ ಸ್ಟ್ಯಾಂಡು, ಒದ್ದೆ ನೆಲ, ಬರಿಗಾಲು. ಇದಕ್ಕಿಂತ ಬಿಡಿಸಿ ಹೇಳೋದು ಬೇಡ ಅನ್ಕೋತೀನಿ.

ಒಂದು ದೂರದ ಸಂಗತಿ ಹೇಳ್ತೀನಿ. 2010ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಊರಲ್ಲಿ, ಶರ್ಲಿ ಟವರ್ಸ್ ಅನ್ನೋ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಗೋಡೆ ಮೇಲಿನ ಪ್ಲಾಸ್ಟಿಕ್ ಪಟ್ಟಿ ಕರಗಿ, ಒಳಗಿದ್ದ ಕೇಬಲ್ಲುಗಳು ಬಲೆ ಥರ ಜೋತು ಬಿದ್ದವು. ಒಳಗೆ ಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಬಿದ್ದ ಕೇಬಲ್ಲುಗಳಿಗೆ ಸಿಕ್ಕಿಕೊಂಡಿದ್ದರು. ಬೆಂಕಿಯಲ್ಲೂ ಕೇಬಲ್ ಬೇಗ ಕಳಚಿ ಬೀಳದ ಹಾಗೆ ಹಿಡಿದಿರಬೇಕು ಅನ್ನೋ ನಿಯಮ ಅಲ್ಲಿನ 2018ರ ವೈರಿಂಗ್ ನಿಯಮಾವಳಿಯಲ್ಲಿ ಕಟ್ಟಡದ ಎಲ್ಲಾ ಕಡೆಗೂ ಬಂತು. ನಮ್ಮಲ್ಲಿ ಮೆಟ್ಟಿಲ ಮೇಲೆ, ಪಡಸಾಲೆಯಲ್ಲಿ ಕೇಸಿಂಗ್ ಕ್ಯಾಪಿಂಗ್, ಅಂದ್ರೆ ವೈರಿಗೆ ಮುಚ್ಚಳದ ಪ್ಲಾಸ್ಟಿಕ್ ಪಟ್ಟಿ ಹೊಡೆಯೋರು ನಡುನಡುವೆ ವೈರನ್ನೇ ಹಿಡಿಯೋ ಒಂದೊಂದು ಲೋಹದ ಕ್ಲಿಪ್ ಹಾಕಿ. ಅಂಚು ವೈರನ್ನು ಕೊಯ್ಯದ ಹಾಗಿರಲಿ, ಅಷ್ಟೆ. ಬಾಗಿಲಿಗೆ ಓಡೋ ದಾರಿಯಲ್ಲಿ ಕುತ್ತಿಗೆಗೆ ವೈರ್ ಸುತ್ತಿಕೊಳ್ಳಬಾರದು.

ಫಾಲ್ಸ್ ಸೀಲಿಂಗ್‌ನೋರು ಇಲ್ಲಿದ್ದೀರಾ? ಜಿಪ್ಸಮ್ ಬೋರ್ಡು ವೈರ್ ಮಲಗೋ ಹಾಸಿಗೆಯಲ್ಲ. ಅದನ್ನು ಹಿಡಿದಿರೋ ಪಟ್ಟಿಗಳಿಗೂ ವೈರ್ ಕಟ್ಟಬೇಡಿ, ಅವುಗಳ ಅಂಚು ಬ್ಲೇಡು. ಸ್ಲ್ಯಾಬಿಗೆ ಸ್ಯಾಡಲ್ ಹೊಡೆದು ಪೈಪಲ್ಲಿ ತನ್ನಿ, ಕೊನೆಯ ಎರಡಡಿಗೆ ಮಾತ್ರ ಫ್ಲೆಕ್ಸಿಬಲ್ ಪೈಪು. ಮೇಲೆ ಇಲಿ ಓಡಾಡುತ್ತೆ ಅನ್ನೋದನ್ನೂ ಮರೀಬೇಡಿ.

ಟೆರೇಸಿನ ಸೋಲಾರ್ ವೈರು ಕಟ್ಟೋಕೆ ಬಿಳಿ ನೈಲಾನ್ ಟೈ ಹಾಕಿದ್ದರೆ ಈ ಭಾನುವಾರ ಹತ್ತಿ ಬೆರಳಲ್ಲಿ ಮುಟ್ಟಿ ನೋಡಿ. ನಮ್ಮ ಬಿಸಿಲಿಗೆ ಹಪ್ಪಳದ ಹಾಗೆ ಮುರಿಯುತ್ತೆ. ಬಿಸಿಲು ತಡೆಯೋ ಕಪ್ಪು ಟೈಯೋ, ಸ್ಟೀಲ್ ಟೈಯೋ ಹಾಕಿಸಿ.

ಇಲ್ಲಿ ಮೇಜಿನ ಮೇಲೆ ತೆಳು ಪೈಪು, ಮೀಡಿಯಂ ಪೈಪು ಎರಡರ ತುಂಡೂ ತಂದಿಟ್ಟಿದ್ದೀನಿ. ಪ್ರಶ್ನೆ ಕೇಳೋ ಮೊದಲು ಒಬ್ಬೊಬ್ಬರೇ ಬಂದು ಚಪ್ಪಲಿ ಕಾಲಲ್ಲಿ ಒತ್ತಿ ನೋಡಿ. ಮೇಸ್ತ್ರಿಗಳೇ, ನೀವು ಮೊದಲು ಬನ್ನಿ.