ನಾಲ್ಕೆಳೆಯ ಹುರಿ

ಕೇಳುಗರಿಗೆ ನಮಸ್ಕಾರ. ಅನ್ನಕ್ಕಿಟ್ಟು ರೇಡಿಯೊ ಹಾಕಿರುವವರು ಒಂದು ಕಿವಿ ನನಗೂ ಕೊಡಿ. ಕುಕ್ಕರ್ ಕೂಗಿತು, ನೀವು ಎದ್ದಿರಿ. ಅಷ್ಟರೊಳಗೆ ನಿಮ್ಮ ನರಗಳ ತುದಿಯಲ್ಲಿ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಬಾಯಿ ತೆರೆದಾಗಿದೆ.

ಒಂದು ಗುಳ್ಳೆ ಎಂದರೆ ಸುಮಾರು 40 ನ್ಯಾನೊಮೀಟರ್. ತಲೆಗೂದಲಿನ ಅಗಲಕ್ಕೆ ಸಾವಿರಕ್ಕೂ ಹೆಚ್ಚು ಸಾಲಾಗಿ ಕೂರುತ್ತವೆ. ಒಳಗೆ ಮುಂದಿನ ಕೋಶಕ್ಕೆ ಹೋಗಬೇಕಾದ ರಾಸಾಯನಿಕ. ಗುಳ್ಳೆಯ ಪೊರೆ ನರಕೋಶದ ಪೊರೆಗೆ ಬೆಸೆದರೇನೇ ಅದು ಹೊರಬೀಳುವುದು. ಆದರೆ ಈ ಪೊರೆಗಳು ಹತ್ತಿರ ತಂದಷ್ಟೂ ಒಂದನ್ನೊಂದು ತಳ್ಳುತ್ತವೆ. ಎಳೆದು ಕೂಡಿಸುವವರು ಬೇಕು.

ಎಳೆಯುವುದು ಪ್ರೋಟೀನುಗಳ ಹುರಿ. ಗುಳ್ಳೆಯಿಂದ ಒಂದು ಎಳೆ, ಸಿನಾಪ್ಟೊಬ್ರೆವಿನ್. ಕೋಶದ ಪೊರೆಯಿಂದ ಮೂರು: ಸಿಂಟ್ಯಾಕ್ಸಿನ್‌ನದು ಒಂದು, ಸ್ನ್ಯಾಪ್-25ರದು ಎರಡು. ಹೆಸರು ಮರೆತರೂ ಪರವಾಗಿಲ್ಲ, ಹುರಿಯನ್ನು ಮರೆಯಬೇಡಿ. ನಾಲ್ಕೂ ಆಚೆ ತುದಿಯಿಂದ ಪೊರೆಯ ಕಡೆಗೆ ಹೊಸೆದುಕೊಳ್ಳುತ್ತ ಬರುತ್ತವೆ. ಹುರಿ ಬಿಗಿದಷ್ಟೂ ಗುಳ್ಳೆ ಪೊರೆಗೆ ಒತ್ತಿಕೊಳ್ಳುತ್ತದೆ, ಕೊನೆಗೆ ಎರಡೂ ಒಂದಾಗುತ್ತವೆ.

ಎಷ್ಟು ಗಟ್ಟಿ ಹುರಿ ಗೊತ್ತೇ? ನಾನು ಸಂಶೋಧನೆಗೆ ಸೇರಿದ ಮೊದಲ ವರ್ಷ. ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ನೋಡಲು ಜೆಲ್ ಓಡಿಸುತ್ತೇವೆ, ಅಂದರೆ ಲೋಳೆಯಂಥ ಹಾಳೆಯೊಳಗೆ ಕರೆಂಟು ಹರಿಸಿ ಅವನ್ನು ಎಳೆಸುತ್ತೇವೆ. ಚಿಕ್ಕವು ಕೆಳಗೆ ಓಡುತ್ತವೆ, ದೊಡ್ಡವು ಮೇಲೇ ಉಳಿಯುತ್ತವೆ. ಅದಕ್ಕೂ ಮುಂಚೆ ಎಸ್‌ಡಿಎಸ್ ಎಂಬ ಸೋಪಿನಂಥದ್ದನ್ನು ಬೆರೆಸಿ ಕುದಿಸಬೇಕು. ಅವತ್ತು ಬಿಸಿ ಮಾಡುವ ಯಂತ್ರದ ಸ್ವಿಚ್ಚನ್ನೇ ಹಾಕಿರಲಿಲ್ಲ. ಟ್ಯೂಬುಗಳು ತಣ್ಣಗೆ ಕೂತಿವೆ, ನಾನು ಎದುರಿಗೆ ಕೂತು ಐದು ನಿಮಿಷ ಎಣಿಸುತ್ತಿದ್ದೇನೆ! ಸಂಜೆ ಜೆಲ್ಲಿಗೆ ನೀಲಿ ಬಣ್ಣ ಕೊಟ್ಟರೆ, ಕೆಳಗೆ ಹುರಿಯ ಮೂರು ಪ್ರೋಟೀನಿಗೆ ಮೂರು ಗೆರೆ ಬರಬೇಕಾದಲ್ಲಿ ಮೇಲೆ ದಪ್ಪಗೆ ಒಂದೇ ಗೆರೆ. ಹೆದರುತ್ತ ಗುರುಗಳಿಗೆ ತೋರಿಸಿದೆ. ಬೈಯಲಿಲ್ಲ. "ಈಗ ಕುದಿಸಿ ಓಡಿಸಮ್ಮಾ" ಅಂದರು. ಕುದಿಸಿದೆ. ಮೂರೂ ಬೇರೆಯಾದವು. ಎಷ್ಟೋ ಪ್ರೋಟೀನುಗಳ ನಂಟು ಸೋಪಿಗೇ ಬಿಟ್ಟುಹೋಗುತ್ತದೆ. ಈ ಹುರಿಗೆ ಹೆಚ್ಚುಕಡಿಮೆ ಕುದಿನೀರೇ ಬೇಕು. ಆ ಬಿಗಿಯೇ ಪೊರೆಗಳನ್ನು ಎಳೆಯುವ ಬಲ.

ನೋಡಿ, ಕೊಟ್ಟ ಸಮಯದಲ್ಲಿ ಅರ್ಧ ಜೆಲ್ಲೇ ತಿಂದಿತು. ಬೇಗ ಹೇಳುತ್ತೇನೆ. ಹುರಿ ಪೂರ್ತಿ ಬಿಗಿಯಲು ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಕೆಲಸ ಮುಗಿದ ಹುರಿಯನ್ನು ಬಿಚ್ಚಲು ಎನ್‌ಎಸ್‌ಎಫ್ ಎಂಬ ಇನ್ನೊಂದು ಪ್ರೋಟೀನು ಇದೆ. ಗುಳ್ಳೆಗಳ ಈ ಸಾಗಾಟಕ್ಕೇ 2013ರ ನೊಬೆಲ್. ರಾತ್‌ಮನ್, ಶೆಕ್‌ಮನ್, ಸುಡಾಫ್ ಹಂಚಿಕೊಂಡರು.

ಧನುರ್ವಾಯು ಬಿಡುವಂತಿಲ್ಲ. ತುಕ್ಕಿನಿಂದ ಬರುತ್ತದೆ ಅನ್ನುತ್ತೀರಿ. ಅಲ್ಲ ಮಾರಾಯ್ರೆ, ಗಾಯದೊಳಗೆ ಹೊಕ್ಕ ಬ್ಯಾಕ್ಟೀರಿಯಾದ ವಿಷದಿಂದ! ಅದು ಕತ್ತರಿಸುವುದು ಗುಳ್ಳೆಯ ಆ ಒಂದು ಎಳೆಯನ್ನು, ಅದೂ ಸ್ನಾಯುಗಳಿಗೆ "ಸಾಕು, ಸಡಿಲಿಸು" ಎಂದು ಹೇಳಿಸುವ ನರಕೋಶಗಳಲ್ಲಿ. ಹುರಿ ಇಲ್ಲ, "ಸಾಕು" ಇಲ್ಲ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಾಗುತ್ತದೆ. ಮೊಳೆ ತುಳಿದರೆ ಅರಿಶಿನ ಮೆತ್ತಿ ಕೂರಬೇಡಿ, ಚುಚ್ಚುಮದ್ದಿಗೆ ಹೋಗಿ. ನಮಸ್ಕಾರ.