ತರವಾಡು ಮನೆ ಉಳಿದದ್ದು ಹೇಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿ ಕಡೆ ನಮ್ಮದೊಂದು ತರವಾಡು ಮನೆ, ಅಂದ್ರೆ ಇಡೀ ಕುಟುಂಬದ ಮೂಲ ಮನೆ ಉಂಟು, ಚೌಕಿ ಮನೆ, ಮಧ್ಯದಲ್ಲಿ ಅಂಗಳ, ಸುತ್ತ ಜಗಲಿ, ಎದುರಿಗೆ ಚಾವಡಿ. ಯಾವ ಇಸವಿಯದ್ದು ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಕೆಲವರು 1865 ಅಂತಲೇ ಪಟ್ಟು ಹಿಡೀತಾರೆ, ಯಾಕಂದ್ರೆ ಹಂಚಿನ ಅಡಿಯಲ್ಲಿ ಹಾಗೆ ಅಚ್ಚಾಗಿದೆ. ಆದ್ರೆ ಅದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ವರ್ಷ, ಆಮೇಲೂ ತುಂಬಾ ವರ್ಷ ಅದೇ ಇಸವಿ ಒತ್ತಿದ ಹಂಚೇ ಬರ್ತಾ ಇತ್ತು.

ಮಾಡು, ಅಂದ್ರೆ ಮನೆಯ ಛಾವಣಿ, ಅದರ ರಿಪೇರಿಗೆ ಹಂಚು ಇಳಿಸಿದಾಗ ಒಂದೊಂದನ್ನೂ ಮಗುಚಿ ನೋಡಿದ್ವು. ಚಾವಡಿ ಮೇಲಿದ್ದದ್ದು ಪೂರ್ತಿ ಬಾಸೆಲ್ ಮಿಶನ್ ಹಂಚು, ಹಿಂದೆ ಅಡಿಗೆಕೋಣೆ ಬಚ್ಚಲು ಕಡೆದ್ದು ಕಾಮನ್‌ವೆಲ್ತ್ ಹಂಚು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ನಂಟು ಉಂಟು ಅಂತ ಬ್ರಿಟಿಷ್ ಸರ್ಕಾರ ಮಿಶನ್ನಿನ ಕಾರ್ಖಾನೆಗಳನ್ನ ವಶಕ್ಕೆ ತಗೊಂಡಿತು, ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದ್ವು. ಅಂದ್ರೆ ಎದುರಿನ ಭಾಗಕ್ಕೆ ಹಂಚು ಬಂದದ್ದು ಯುದ್ಧಕ್ಕೆ ಮೊದಲು, ಹಿಂದಿನದ್ದಕ್ಕೆ ಯುದ್ಧ ಮುಗಿದ ಮೇಲೆ. ಅಡಿಗೆಕೋಣೆ ಆಮೇಲೆ ಸೇರಿಸಿದ್ದು ಅಂತ ದೊಡ್ಡಮ್ಮ ಹೇಳ್ತಿದ್ದದ್ದಕ್ಕೂ ಇದು ಸರಿಯಾಗಿ ಕೂಡ್ತದೆ.

ಅದಕ್ಕೂ ಮೊದಲು ಇಲ್ಲಿ ಮುಳಿಹುಲ್ಲಿನ ಮಾಡು ಇತ್ತಂತೆ. ಮಂಗಳೂರಿಗೇ ರೈಲು ಬಂದದ್ದು 1907ರಲ್ಲಿ, ಉಡುಪಿಗಂತೂ ಕೊಂಕಣ ರೈಲ್ವೆ ಆಗುವವರೆಗೆ ಇಲ್ಲವೇ ಇಲ್ಲ, ಹಾಗಾಗಿ ಅಷ್ಟು ಹಂಚೂ ಮಂಜಿಯಲ್ಲಿ, ಅಂದ್ರೆ ಸರಕಿನ ದೋಣಿಯಲ್ಲಿ ಬಂದು ಹೊಳೆಬದಿಯಲ್ಲಿ ಇಳಿದು, ಅಲ್ಲಿಂದ ಜನರ ತಲೆ ಮೇಲೆ ಮನೆಗೆ ಬಂತು ಅಂತ ಹಿರಿಯರು ಹೇಳ್ತಿದ್ರು. ಆ ಹೊತ್ತವರ ಹೆಸರು ಯಾವ ಕಾಗದದಲ್ಲೂ ಇಲ್ಲ, ನಂಗೆ ಅದು ಬೇಜಾರಿನ ವಿಷಯ.

ಒಳಗೆ ಬಂದ್ರೆ ಧಾನ್ಯ ತುಂಬಿಡುವ ಪತ್ತಾಯದ ಕೋಣೆ ಒಂದನ್ನ ನೋಡ್ಲೇಬೇಕು. ಬಾಗಿಲಿನ ಒಳಮೈಯಲ್ಲಿ ಸುಣ್ಣದ ಗೀಟುಗಳಿವೆ, ನಾಲ್ಕು ನೆಟ್ಟಗೆ, ಐದನೆಯದು ಅಡ್ಡ, ಹೀಗೆ ಸಾಲುಸಾಲು, ಕೆಲವು ಕಡೆ ಬೆರಳಿನ ಗುರುತೂ ಕಾಣ್ತದೆ. ಗೇಣಿಗೆ ಬಂದ ಅಕ್ಕಿ ಮುಡಿಗಳ, ಅಂದ್ರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಗಳ ಲೆಕ್ಕ ಅದು. ಪೈಂಟಿನವನು ಉಜ್ಜಿ ವಾರ್ನಿಶ್ ಹೊಡೀತೇನೆ ಅಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಈ ಮನೆಯ ಅನ್ನ ಎಲ್ಲಿಂದ ಬರ್ತಿತ್ತು ಅಂತ ಹೇಳ್ಲಿಕ್ಕೆ ನಮ್ಮಲ್ಲಿ ಅದೊಂದೇ ದಾಖಲೆ ಇರೋದು.

ನಮ್ಮದು ಅಳಿಯಸಂತಾನ, ಆಸ್ತಿ ತಾಯಿಯ ಕಡೆಯಿಂದ ಬರುವ ಕ್ರಮ; 1949ರಲ್ಲಿ ಅಳಿಯಸಂತಾನ ಕಾಯ್ದೆ ಬಂದು ಕುಟುಂಬದ ಆಸ್ತಿ ಕವರು ಕವರಾಗಿ, ಅಂದ್ರೆ ಒಬ್ಬೊಬ್ಬ ತಾಯಿಯ ಕವಲಿಗೆ ಒಂದೊಂದಾಗಿ ಪಾಲಾಗ್ಲಿಕ್ಕೆ ದಾರಿ ಆಯ್ತು. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಒಕ್ಕಲುಗಳು ಗದ್ದೆ ತಮ್ಮ ಹೆಸರಿಗೆ ಆಗ್ಬೇಕು ಅಂತ ಡಿಕ್ಲರೇಶನ್ ಅರ್ಜಿ ಹಾಕಿದ್ರು, ಗೇಣಿ ನಿಂತಿತು. ಉಳುಮೆ ಮಾಡಿದವರಿಗೆ ಗದ್ದೆ ಸಿಕ್ಕಿದ್ದು ನ್ಯಾಯವೇ, ಅದ್ರಲ್ಲಿ ನಂಗೆ ಎರಡು ಮಾತಿಲ್ಲ, ಆದ್ರೆ ಗೇಣಿ ಮೇಲೆ ನಿಂತ ಇಷ್ಟು ದೊಡ್ಡ ಮನೆಗೆ ಆಮೇಲೆ ಆದಾಯ ಅಂತ ಏನೂ ಉಳೀಲಿಲ್ಲ. ಗಂಡುಮಕ್ಕಳು ಬೊಂಬಾಯಿಯ ಹೋಟೆಲುಗಳಿಗೆ ಹೋದ್ರು, ಮನೆಯಲ್ಲಿ ಇಬ್ಬರು ಮುದುಕಿಯರು ಉಳಿದ್ರು, ಅವರ ನಂತರ ಬೀಗ.

ಬೀಗ ಬಿದ್ದ ಮನೆ ಬೇಗ ಹಾಳಾಗ್ತದೆ. ದಿನಾ ಒಲೆ ಉರಿದು ಹೊಗೆ ಏರ್ತಿದ್ದ ಅಡಿಗೆಕೋಣೆಯ ಪಕಾಸುಗಳು, ಅಂದ್ರೆ ಮಾಡಿನ ಮರದ ತೊಲೆಗಳು, ಕಪ್ಪಾಗಿ ಗಟ್ಟಿಯಾಗಿದ್ವು, ಹುಳ ಹತ್ತಿರ ಬರ್ತಿರ್ಲಿಲ್ಲ. ಒಲೆ ಆರಿದ ಮೇಲೆ ಒಂದು ಹಂಚು ಜಾರಿ, ಅಲ್ಲಿ ಎರಡು ಮಳೆಗಾಲ ನೀರು ಇಳಿದು, ಹಂಚಿನ ಅಡಿಯ ರೀಪು ಪಟ್ಟಿಗಳು ಕುಂಬಾಗಿ, ಗೋಡೆಯ ಮುರಕಲ್ಲು ತೇವ ಕುಡಿದು ಗೆದ್ದಲು ಹತ್ತಿತು.

ಆದ್ರೂ ಮನೆ ಬಿದ್ದು ಹೋಗ್ಲಿಲ್ಲ, ಅದಕ್ಕೆ ಕಾರಣ ಚಾವಡಿಯಲ್ಲಿರುವ ದೈವ. ಎಲ್ಲಿದ್ರೂ ವರ್ಷಕ್ಕೊಮ್ಮೆ ದೈವಕ್ಕೆ ಕೊಡುವ ತಂಬಿಲ ಸೇವೆಗೆ ಕುಟುಂಬದವರು ಬರ್ಲೇಬೇಕು, ಬಂದಾಗ ಬಾಗಿಲು ತೆರೀಬೇಕು, ಗುಡಿಸಿ ಸಾರಿಸಿ ದೀಪ ಇಡ್ಬೇಕು. ತುಳುನಾಡಿನಲ್ಲಿ ಇಂಥ ಎಷ್ಟೋ ಮನೆಗಳನ್ನ ಉಳಿಸಿದ್ದು ಈ ಕಟ್ಟುಕಟ್ಟಳೆಯೇ, ಇದನ್ನ ನಾನು ಖಂಡಿತವಾಗಿ ನಂಬ್ತೇನೆ.

ಜೀರ್ಣೋದ್ಧಾರದ ಮಾತು ಎದ್ದಾಗ ಕುಟುಂಬದ ಮೀಟಿಂಗಿನಲ್ಲಿ ದೊಡ್ಡ ಚರ್ಚೆಯೇ ಆಯ್ತು, ಸ್ಲ್ಯಾಬ್ ಹಾಕುವ, ನೆಲಕ್ಕೆ ಟೈಲ್ಸ್ ಹಾಕುವ ಅಂತ ಹಲವರು. ಅವರದ್ದೂ ತಪ್ಪಿಲ್ಲ, ಪ್ರತಿ ವರ್ಷ ಮಾಡು ಹತ್ತುವವರು ಎಲ್ಲಿ ಸಿಗ್ತಾರೆ? ಆವಾಗ ನಾವು ಕೆಲವರು ಸೇರಿ ಅವರನ್ನ ಮಣಿಪಾಲದ ಹಸ್ತಶಿಲ್ಪಕ್ಕೆ, ಹಳೇ ಮನೆಗಳ ಆ ಪಾರಂಪರಿಕ ಗ್ರಾಮಕ್ಕೆ ಕರ್ಕೊಂಡು ಹೋದ್ವು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಕೆಡವ್ಲಿಕ್ಕೆ ಇಟ್ಟ ಹಳೇ ಮನೆಗಳನ್ನ ಬಿಚ್ಚಿ ತಂದು ಅಲ್ಲಿ ಪುನಃ ನಿಲ್ಲಿಸಿದ್ದಾರೆ, 1816ರ ಕುಂಜೂರು ಚೌಕಿ ಮನೆಯೂ ಅದ್ರಲ್ಲಿ ಒಂದು. ಆ ಮರದ ಒಳಛಾವಣಿಯ ಮುಚ್ಚಿಗೆ, ಆ ಕಂಬ ಎಲ್ಲ ನೋಡಿ ನಮ್ಮ ಬೊಂಬಾಯಿಯ ಮಾವ, ಸ್ಲ್ಯಾಬ್ ಬೇಕು ಅಂತ ಗಟ್ಟಿಯಾಗಿ ಹೇಳ್ತಿದ್ದವರು, ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ "ನಮ್ಮದು ಇದ್ದಲ್ಲೇ ಇರ್ಲಿ ಮಾರಾಯ, ಹಂಚೇ ಹಾಕುವ" ಅಂದ್ರು.

ಹಾಗೆ ಪತ್ತನಾಜೆಗೆ, ಅಂದ್ರೆ ಮೇ ಕೊನೆಗೆ ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಆ ದಿನಕ್ಕೆ ಮೊದಲು ಹೆಚ್ಚಿನ ಕೆಲಸ ಮುಗಿಸಿದ್ವು. ಒಡೆದ ಹಂಚಿಗೆ ಬದಲಿ ಹಳೇ ಹಂಚೇ ಹುಡುಕಿ ತಂದ್ವು, ಮರಕ್ಕೆ ಗೇರೆಣ್ಣೆ ಕೊಟ್ವು, ಶೌಚಾಲಯ ಮಾತ್ರ ಹೊಸತು, ಅದನ್ನ ಮನೆಗೆ ತಾಗಿಸದೆ ಹಿತ್ತಲಲ್ಲಿ ಕಟ್ಟಿಸಿದ್ವು. ಈಗ ಒಂದು ಸಂಸಾರ ಅಲ್ಲೇ ಇದ್ದು ಹಿಂದಿನ ಒಲೆಯಲ್ಲೇ ಅನ್ನ ಬೇಯಿಸ್ತಾರೆ, ಬಾಡಿಗೆ ಅಂತ ನಾವು ತಗೊಳ್ಳೋದಿಲ್ಲ. ಚಾವಡಿಯ ಮುಚ್ಚಿಗೆಯ ಒಂದು ಮೂಲೆ ಬಾಕಿ ಉಂಟು, ಒಣಗಿದ ಹಲಸಿನ ಹಲಗೆ ಸಿಕ್ಕಿದೆ, ಆ ಹಳೇ ಕ್ರಮದಲ್ಲಿ ಜೋಡಿಸ್ಲಿಕ್ಕೆ ಗೊತ್ತಿರುವ ಆಚಾರಿಗಳು ಮಳೆ ಬಿಟ್ಟ ಮೇಲೆ ಬರ್ತೇನೆ ಅಂದಿದ್ದಾರೆ.

ನಮಸ್ಕಾರ.